ಫ್ಯಾಮಿಲಿ ಗ್ರೂಪಿನ ಡೆಂಗಿ ಮದ್ದು: ಒಂದು ಫಾರ್ವರ್ಡ್ ಬಿಚ್ಚಿ ನೋಡಿದಾಗ

ಮುಂಗಾರು ಹಿಡಿದು ಎರಡು ವಾರ ಆಗುತ್ತಿದ್ದ ಹಾಗೆ ಬೆಂಗಳೂರಿನಲ್ಲಿ ಎರಡು ಸಂಗತಿ ಒಟ್ಟಿಗೆ ಹುಟ್ಟುತ್ತವೆ. ತಾರಸಿಯಲ್ಲಿ ಮರೆತುಹೋದ ಬಕೆಟ್ಟಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿ, ಫ್ಯಾಮಿಲಿ ಗ್ರೂಪಿನಲ್ಲಿ ಡೆಂಗಿಯ ಮದ್ದು. ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಮದ್ದಿಗೆ ಅಷ್ಟು ಪುರಸೊತ್ತೂ ಬೇಡ.

2024ರಲ್ಲಿ ರಾಜ್ಯದಲ್ಲಿ ಡೆಂಗಿ ಪ್ರಕರಣ 25 ಸಾವಿರ ದಾಟಿ, ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿತು. ಆ ಮಳೆಗಾಲದಲ್ಲಿ ಮನೆಮನೆಯಲ್ಲೂ ಕೇಳಿಬಂದ ಪ್ರಶ್ನೆ ಒಂದೇ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಈ ಪ್ರಶ್ನೆ ಇಷ್ಟು ಗಟ್ಟಿಯಾಗಿ ತಲೆಗೆ ಕೂತಿರುವುದರಲ್ಲಿ ಫಾರ್ವರ್ಡ್‌ಗಳ ಪಾಲು ದೊಡ್ಡದು. ತೊಂದರೆ ಏನೆಂದರೆ, ಡೆಂಗಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ.

ಮಾದರಿಗೊಂದು ಸಂದೇಶ

ಪ್ರತಿ ವರ್ಷ ಸುತ್ತುವ ಹಲವು ಸಂದೇಶಗಳ ಧಾಟಿಯನ್ನು ಸೇರಿಸಿ ಇಲ್ಲೊಂದು ಹೆಣೆದಿದೆ. ಓದುವಾಗಲೇ ಎಲ್ಲೋ ನೋಡಿದ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

‘ತುರ್ತು ಮಾಹಿತಿ!! ಬೆಂಗಳೂರಿನಲ್ಲಿ ಹೊಸ ಥರದ ಡೆಂಗಿ ಬಂದಿದೆ. ನಮ್ಮ ಪರಿಚಯದವರಿಗೆ ಪ್ಲೇಟ್‌ಲೆಟ್ 20 ಸಾವಿರಕ್ಕೆ ಇಳಿದಿತ್ತು. ಪಪ್ಪಾಯಿ ಎಲೆ ರಸ ದಿನಕ್ಕೆ 3 ಸಲ 2 ಚಮಚ ಕುಡಿದರು, 48 ಗಂಟೆಯಲ್ಲಿ 1 ಲಕ್ಷ ಆಯ್ತು. ಆಸ್ಪತ್ರೆಗೆ ಓಡಬೇಡಿ, ಸುಮ್ಮನೆ ಬಿಲ್ ಮಾಡ್ತಾರೆ. ಮೊಣಕಾಲಿನಿಂದ ಪಾದದವರೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಈ ಸೊಳ್ಳೆ ಅದಕ್ಕಿಂತ ಮೇಲೆ ಹಾರಲ್ಲ. 10 ಜನಕ್ಕೆ ಕಳಿಸಿ, ಒಂದು ಜೀವ ಉಳಿಸಿ. — ಹಿರಿಯ ವೈದ್ಯರು’

ಇದನ್ನು ಬರೆದವರು ಕೆಟ್ಟವರೇ ಆಗಿರಬೇಕೆಂದಿಲ್ಲ, ಕಳಿಸುವವರಂತೂ ಅಲ್ಲವೇ ಅಲ್ಲ. ತಿಳಿಯದೆ ಹಂಚುವುದು ತಪ್ಪು ಮಾಹಿತಿ. ದುಡ್ಡಿಗೋ ದ್ವೇಷಕ್ಕೋ ಗೊತ್ತಿದ್ದೇ ಹಬ್ಬಿಸುವುದು ದುರುದ್ದೇಶದ ಸುಳ್ಳು. ಇವೆರಡನ್ನು ಒಂದೇ ತಕ್ಕಡಿಗೆ ಹಾಕಿದರೆ ಅತ್ತೆ, ದೊಡ್ಡಪ್ಪನ ಜೊತೆ ಜಗಳವಷ್ಟೇ ಉಳಿಯುತ್ತದೆ. ಕಾಯಿಲೆ ಬಿದ್ದವರ ಪಾಲಿಗೆ ಮಾತ್ರ ಎರಡರ ಪರಿಣಾಮವೂ ಒಂದೇ.

ಅಪಾಯ ಇರುವುದು ಎಲ್ಲಿ

ಪ್ಲೇಟ್‌ಲೆಟ್ ಎಂದರೆ ರಕ್ತದಲ್ಲಿ ತೇಲುವ ಚಿಕ್ಕ ಚಿಕ್ಕ ಕಣ. ರಕ್ತನಾಳ ಎಲ್ಲಾದರೂ ಹರಿದರೆ ಓಡಿಹೋಗಿ ಮುಚ್ಚುವುದು ಅವುಗಳ ಕೆಲಸ. ನಮ್ಮ ರಸ್ತೆಗಳಲ್ಲಿ ಗುಂಡಿ ಮುಚ್ಚುವ ಗ್ಯಾಂಗ್ ಇದ್ದ ಹಾಗೆ. (ದೇಹದ ಗ್ಯಾಂಗ್ ಹೇಳಿದ ದಿನವೇ ಬರುತ್ತದೆ ಎಂಬುದು ಬೇರೆ ಮಾತು.) ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ. ಡೆಂಗಿಯಲ್ಲಿ ಇವು ಇಳಿಯುವುದು ನಿಜ, ಕೆಲವರಲ್ಲಿ 50 ಸಾವಿರದ ಕೆಳಗೂ ಹೋಗುತ್ತವೆ.

ಆದರೆ ಡೆಂಗಿಯಲ್ಲಿ ಜೀವಕ್ಕೆ ಕುತ್ತು ಬರುವುದು ಬಹುತೇಕ ಬೇರೆ ಕಾರಣಕ್ಕೆ. ಕಾಯಿಲೆಯ ಒಂದು ಹಂತದಲ್ಲಿ ಅತಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶ ಹೊಟ್ಟೆಯೊಳಕ್ಕೆ, ಶ್ವಾಸಕೋಶದ ಸುತ್ತಮುತ್ತ ಜಿನುಗತೊಡಗುತ್ತದೆ. ಇದಕ್ಕೆ ಪ್ಲಾಸ್ಮಾ ಸೋರಿಕೆ ಎನ್ನುತ್ತಾರೆ. ಸಾರನ್ನು ಒಲೆಯ ಮೇಲೆ ಮರೆತರೆ ನೀರು ಬತ್ತಿ ಗಟ್ಟಿಯಾಗುತ್ತದಲ್ಲ, ನಾಳದೊಳಗೆ ಉಳಿದ ರಕ್ತವೂ ಹಾಗೆಯೇ ಗಟ್ಟಿಯಾಗುತ್ತದೆ. ಪ್ರಮಾಣ ಕಡಿಮೆಯಾಗಿ ಬಿಪಿ ಬೀಳುತ್ತದೆ, ಕೈಕಾಲು ತಣ್ಣಗಾಗುತ್ತದೆ, ಅಂಗಾಂಗಗಳಿಗೆ ರಕ್ತ ಸಾಲದೆ ಹೋಗುತ್ತದೆ.

ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವ ಅಂಕಿಯ ಹೆಸರು ಹಿಮಟೋಕ್ರಿಟ್. ಲ್ಯಾಬ್ ವರದಿಯಲ್ಲಿ ಎಚ್‌ಸಿಟಿ ಅಥವಾ ಪಿಸಿವಿ ಎಂದು ಅಚ್ಚಾಗಿರುತ್ತದೆ, ಪ್ಲೇಟ್‌ಲೆಟ್ ಇರುವ ಅದೇ ಹಾಳೆಯಲ್ಲಿ. ಇದು ರೋಗಿಯ ಮೊದಲಿನ ಮಟ್ಟಕ್ಕಿಂತ ಶೇ 20ರಷ್ಟು ಏರಿದರೆ, ಉದಾಹರಣೆಗೆ 40 ಇದ್ದದ್ದು 48 ಆದರೆ, ಸೋರಿಕೆ ಗಣನೀಯವಾಗಿದೆ ಎಂದರ್ಥ. ವೈದ್ಯರು ಆ ಸಾಲನ್ನೂ ನೋಡುತ್ತಾರೆ, ನಾಡಿ, ಬಿಪಿ, ಮೂತ್ರದ ಪ್ರಮಾಣವನ್ನೂ ನೋಡುತ್ತಾರೆ. ಮನೆಯವರು ಪ್ಲೇಟ್‌ಲೆಟ್ ಸಾಲನ್ನಷ್ಟೇ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಗುಂಡಿ ಮುಚ್ಚುವವರ ತಲೆ ಎಣಿಸುತ್ತ ಕೂತರೆ, ನೆಲದಡಿ ಪೈಪು ಜಿನುಗುತ್ತಿರುವುದು ಕಾಣುವುದಿಲ್ಲ.

ಇನ್ನೊಂದು ಎಡವಟ್ಟು ಸಮಯದ್ದು. ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಜ್ವರದ ಮೂರರಿಂದ ಏಳನೇ ದಿನದ ನಡುವೆ, ಅದೂ ಜ್ವರ ಇಳಿಯುವ ಹೊತ್ತಿಗೆ. ಮುಂದಿನ 24ರಿಂದ 48 ಗಂಟೆ ಅತ್ಯಂತ ಸೂಕ್ಷ್ಮ. ‘ಜ್ವರ ಬಿಡ್ತು, ಇನ್ನೇನು ಹುಷಾರಾದ’ ಎಂದು ಮನೆಯವರು ನಿಟ್ಟುಸಿರು ಬಿಡುವ ಗಳಿಗೆಯೇ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾದ ಗಳಿಗೆ. ‘ಆಸ್ಪತ್ರೆಗೆ ಓಡಬೇಡಿ’ ಎಂಬ ಸಾಲು ಕೆಲಸ ಮಾಡುವುದೂ ಆಗಲೇ. ತೀವ್ರ ಡೆಂಗಿಗೆ ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ 20ರವರೆಗೂ ಸಾವು ಸಂಭವಿಸಬಹುದು, ಹೊತ್ತಿಗೆ ಸರಿಯಾಗಿ ಸಿಕ್ಕರೆ 1ಕ್ಕಿಂತ ಕಡಿಮೆ. ನಡುವಿನ ವ್ಯತ್ಯಾಸ ತರುವುದು ಯಾವ ಅಪರೂಪದ ಔಷಧವೂ ಅಲ್ಲ, ಅಳೆದು ತೂಗಿ ಕೊಡುವ ದ್ರವ. ಕಡಿಮೆಯಾದರೆ ಬಿಪಿ ಬೀಳುತ್ತದೆ, ಹೆಚ್ಚಾದರೆ ಶ್ವಾಸಕೋಶದ ಸುತ್ತ ನೀರು ನಿಲ್ಲುತ್ತದೆ. ಹಾಗಾಗಿ ‘ಯಾವುದಕ್ಕೂ ಇರಲಿ, ಎರಡು ಬಾಟಲಿ ಗ್ಲೂಕೋಸ್ ಹಾಕಿಸಿ’ ಎಂಬುದೂ ಒಳ್ಳೆಯ ಸಲಹೆಯಲ್ಲ.

ಹಾಗಾದರೆ 48 ಗಂಟೆಯಲ್ಲಿ ಏರಿದ್ದು ಹೇಗೆ?

ಏರಿದ್ದು ನಿಜವೇ ಇರಬಹುದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ನಾಲ್ಕು, ಐದು, ಆರನೇ ದಿನ ಇಳಿದು ತಳ ಮುಟ್ಟುತ್ತದೆ. ಸೋರಿಕೆಯ ಹಂತ ದಾಟಿದ ಮೇಲೆ ತಾನಾಗಿಯೇ ಏರುತ್ತದೆ, ಏನೂ ಕುಡಿಯದವರಲ್ಲೂ. ಇನ್ನು ಮನೆಯವರು ಪಪ್ಪಾಯಿ ಎಲೆ ಹುಡುಕಿಕೊಂಡು ಹೋಗುವುದು ಯಾವಾಗ? ಅಂಕಿ ತೀರಾ ಕೆಳಗಿಳಿದು ಗಾಬರಿಯಾದಾಗ, ಅಂದರೆ ಐದನೇ ದಿನವೋ ಆರನೇ ದಿನವೋ. ಎರಡು ದಿನ ಕುಡಿಸುವಷ್ಟರಲ್ಲಿ ಅಂಕಿ ಏರುವ ಕಾಲವೂ ಬಂದಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಕಿವಿ ಹಣ್ಣು, ಆಡಿನ ಹಾಲು, ಅಮೃತಬಳ್ಳಿ ಕಷಾಯ, ಎಲ್ಲದರ ‘ಅನುಭವ’ವೂ ಹುಟ್ಟುವುದು ಇದೇ ಕ್ಯಾಲೆಂಡರಿನಿಂದ.

ಪಪ್ಪಾಯಿ ಎಲೆಯನ್ನು ಪೂರ್ತಿ ತಳ್ಳಿಹಾಕುವುದೂ ನ್ಯಾಯವಲ್ಲ. ಎಲೆಯ ಸಾರದಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿತು ಎಂದು ತೋರಿಸಿದ ಕೆಲವು ಸಣ್ಣ ಪ್ರಯೋಗಗಳಿವೆ. ಅದರ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಬರೆದುಕೊಡುವ ವೈದ್ಯರೂ ಇದ್ದಾರೆ. ಆದರೆ ಅದರಿಂದ ರಕ್ತಸ್ರಾವವೋ ಸಾವೋ ಕಡಿಮೆಯಾಯಿತು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ, ಸೋರಿಕೆಯನ್ನು ತಡೆಯುತ್ತದೆ ಎಂಬುದಕ್ಕೂ ಇಲ್ಲ. ಮನೆಯಲ್ಲಿ ಅರೆದು ಹಿಂಡಿದ ರಸದ್ದು ಬೇರೆಯೇ ಕಷ್ಟ: ವಿಪರೀತ ಕಹಿ. ಮೊದಲೇ ವಾಕರಿಕೆಯಲ್ಲಿರುವ ರೋಗಿ ಅದನ್ನು ಕುಡಿದು ವಾಂತಿ ಮಾಡಿಕೊಂಡರೆ ಒಳಗಿದ್ದ ನೀರೂ ಹೋಗುತ್ತದೆ. ಪದೇ ಪದೇ ವಾಂತಿ ಡೆಂಗಿಯ ಅಪಾಯದ ಲಕ್ಷಣಗಳಲ್ಲಿ ಒಂದು. ಅದು ಕಾಯಿಲೆಯಿಂದ ಬಂತೋ ರಸದಿಂದ ಬಂತೋ ಎಂದು ವೈದ್ಯರಿಗೂ ಹೇಳಲು ಬರದ ಹಾಗಾಗುತ್ತದೆ. ಆಡಿನ ಹಾಲನ್ನು ಕಾಯಿಸದೆ ಕುಡಿದರೆ ಬ್ರುಸೆಲ್ಲೋಸಿಸ್ ಎಂಬ ಇನ್ನೊಂದು ಜ್ವರ ಅಂಟಬಹುದು.

ಅಂಕಿಯ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಒಂದು ಲ್ಯಾಬಿನಲ್ಲಿ 42 ಸಾವಿರ, ಸಂಜೆ ಇನ್ನೊಂದರಲ್ಲಿ 48 ಸಾವಿರ ಬಂದರೆ ಅದು ಏರಿಕೆಯಲ್ಲ, ಯಂತ್ರದಿಂದ ಯಂತ್ರಕ್ಕೆ ಬರುವ ಮಾಮೂಲಿ ಹೆಚ್ಚುಕಮ್ಮಿ. ಕೆಲವರ ರಕ್ತದಲ್ಲಿ ಟ್ಯೂಬಿನೊಳಗಿನ ರಾಸಾಯನಿಕದಿಂದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಯಂತ್ರ ಒಂದು ಗುಂಪನ್ನು ಒಂದು ಕಣ ಎಂದು ಎಣಿಸಿ ಸುಳ್ಳು ಕೊರತೆ ತೋರಿಸುತ್ತದೆ. ಅನುಮಾನ ಬಂದರೆ ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದೇ ಲ್ಯಾಬಿನಲ್ಲಿ, ವೈದ್ಯರು ಹೇಳಿದಷ್ಟೇ ಸಲ ಮಾಡಿಸಿದರೆ ಏರಿಳಿತಕ್ಕೆ ಅರ್ಥವಿರುತ್ತದೆ.

ಮೊಣಕಾಲಿಗಿಂತ ಮೇಲೆ ಹಾರದ ಸೊಳ್ಳೆ

ಸುಳ್ಳಿನೊಳಗೆ ಒಂದು ಚೂರು ನಿಜ ಇರಬೇಕು, ಆಗಲೇ ಅದು ನಿಲ್ಲುವುದು. ಈಡಿಸ್ ಈಜಿಪ್ಟೈ ಪಾದ, ಕಣಕಾಲಿನ ಹತ್ತಿರ ಹೆಚ್ಚಾಗಿ ಕಚ್ಚುವುದು ನಿಜ. ಮೊಣಕಾಲಿನ ಮೇಲೆ ಹಾರುವುದಿಲ್ಲ ಎಂಬುದು ಕಟ್ಟುಕತೆ. ಹಾಗಿದ್ದರೆ ನಾಲ್ಕನೇ ಮಹಡಿಯ ಓವರ್‌ಹೆಡ್ ಟ್ಯಾಂಕಿನಲ್ಲಿ ಮರಿ ಸಿಗುತ್ತಲೇ ಇರಲಿಲ್ಲ. ಕೊಬ್ಬರಿ ಎಣ್ಣೆಗೆ ಸೊಳ್ಳೆಯನ್ನು ಭರವಸೆಯಿಂದ ದೂರ ಇಡುವ ಶಕ್ತಿಯಿಲ್ಲ. ಡೀಟ್ ಅಥವಾ ಪಿಕಾರಿಡಿನ್ ಎಂಬ ರಾಸಾಯನಿಕ ಇರುವ ಲೇಪನಗಳಿಗೆ ಇದೆ. ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಜೋರು. ರಾತ್ರಿ ಮಾತ್ರ ಕಾಯಿಲ್ ಹಚ್ಚಿಟ್ಟರೆ ಅದರ ಮುಖ್ಯ ಪಾಳಿ ತಪ್ಪಿಹೋಗಿರುತ್ತದೆ.

ಇದು ಹುಟ್ಟುವುದು ಚರಂಡಿಯಲ್ಲಲ್ಲ, ನಿಂತ ತಿಳಿನೀರಿನಲ್ಲಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ನೀರು ಹಿಡಿದಿಡುವುದು ಅನಿವಾರ್ಯ: ಸರಿಯಾಗಿ ಮುಚ್ಚದ ಸಂಪು, ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಕಟ್ಟುತ್ತಿರುವ ಮನೆಯ ಕ್ಯೂರಿಂಗ್ ನೀರು. ಡ್ರಮ್ ಖಾಲಿ ಮಾಡಿದರಷ್ಟೇ ಸಾಲದು. ಮೊಟ್ಟೆಗಳು ಒಳಗೋಡೆಗೆ, ನೀರಿನ ಗೆರೆಯ ಸ್ವಲ್ಪ ಮೇಲೆ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ವಾರಕ್ಕೊಮ್ಮೆ ನಾರಿನಿಂದ ಗೋಡೆ ಉಜ್ಜಿ ತೊಳೆಯಬೇಕು. ವಾರಕ್ಕೊಮ್ಮೆ ಏಕೆಂದರೆ, ಮರಿ ಸೊಳ್ಳೆಯಾಗುವ ಮುನ್ನ ಸಿಗುವುದು ಅಷ್ಟೇ ದಿನ. ಉಜ್ಜಿ ತೊಳೆಯಿರಿ ಎಂಬ ಸಂದೇಶ ಗ್ರೂಪುಗಳಲ್ಲಿ ಯಾಕೋ ಅಷ್ಟಾಗಿ ಓಡುವುದಿಲ್ಲ.

ಒಂದು ಮನೆಯ ಫಾರ್ವರ್ಡ್ ಊರಿಗೆ ಹೇಗೆ ತಟ್ಟುತ್ತದೆ

ತಪ್ಪು ಮದ್ದು ಕುಡಿದವರಿಗೆ ತೊಂದರೆ, ಉಳಿದವರಿಗೇನು ಎಂದು ಕೇಳಬಹುದು. ಪ್ಲೇಟ್‌ಲೆಟ್ ಗಾಬರಿಯನ್ನೇ ತೆಗೆದುಕೊಳ್ಳಿ. ಅಂಕಿ 30 ಸಾವಿರ ಎಂದ ಕೂಡಲೇ ‘ಏರಿಸಿ’ ಎಂದು ಮನೆಯವರು ಪಟ್ಟು ಹಿಡಿಯುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರದ ಕೆಳಗೆ ಹೋಗುವವರೆಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಡುವ ಅಗತ್ಯ ಬೀಳುವುದಿಲ್ಲ. ಸಿಂಗಪುರ, ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 20 ಸಾವಿರ ಅಥವಾ ಅದಕ್ಕೂ ಕಡಿಮೆ ಇದ್ದ ವಯಸ್ಕರಿಗೆ ಮುಂಜಾಗ್ರತೆಗೆ ಕೊಟ್ಟಾಗಲೂ ರಕ್ತಸ್ರಾವ ಕಡಿಮೆಯಾಗಲಿಲ್ಲ. ಅಲರ್ಜಿಯಂಥ ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು.

ಪ್ಲೇಟ್‌ಲೆಟ್ ಚೀಲವನ್ನು ಫ್ರಿಜ್ಜಿನಲ್ಲಿಟ್ಟು ಕಾಪಾಡಲು ಬರುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಮೆಲ್ಲಗೆ ಅಲ್ಲಾಡಿಸುವ ಯಂತ್ರದ ಮೇಲಿಟ್ಟರೂ ಬಾಳುವುದು ಐದು ದಿನ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅಗತ್ಯವಿಲ್ಲದವರು ಚೀಲದ ಮೇಲೆ ಚೀಲ ಹಾಕಿಸಿಕೊಂಡರೆ ಕೊರತೆ ತಟ್ಟುವುದು ಯಾರಿಗೆ? ಕಿಮೋಥೆರಪಿಯಿಂದ ಪ್ಲೇಟ್‌ಲೆಟ್ ಪಾತಾಳ ಕಂಡಿರುವ ಕ್ಯಾನ್ಸರ್ ರೋಗಿಗೆ. ಅವರಿಗೆ ಅದಕ್ಕೆ ಬದಲಿಯಿಲ್ಲ. ‘ಅರ್ಜೆಂಟ್ ಬಿ ಪಾಸಿಟಿವ್ ಬೇಕು’ ಎಂಬ ಸಂದೇಶಗಳದ್ದು ಇನ್ನೊಂದು ಪಾಡು. ತಾರೀಖು ಇರುವುದಿಲ್ಲ, ಅಗತ್ಯ ತೀರಿ ವರ್ಷವಾದರೂ ಸುತ್ತುತ್ತಲೇ ಇರುತ್ತದೆ, ಅದರಲ್ಲಿರುವ ನಂಬರಿನವರ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ.

ಲಸಿಕೆಯ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿ. 2017ರ ಫೆಬ್ರುವರಿ 5ರಂದು ದಡಾರ–ರುಬೆಲ್ಲಾ ಲಸಿಕೆ ಅಭಿಯಾನಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಚುಚ್ಚುಮದ್ದು. ಇದು ಸುರಕ್ಷಿತವಲ್ಲ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಸಂದೇಶಗಳು ಜೊತೆಯಲ್ಲೇ ಹರಿದಾಡಿ, ಬೇಡ ಎಂದು ಚೀಟಿ ಕಳಿಸಿದ ಪೋಷಕರೂ ಇದ್ದರು. ದಡಾರ ಬಂದ ಒಂದು ಮಗು, ರಕ್ಷಣೆಯಿಲ್ಲದ ಜನರ ನಡುವೆ, 12ರಿಂದ 18 ಜನಕ್ಕೆ ಅಂಟಿಸಬಲ್ಲದು. ಆ ಸರಪಳಿ ತುಂಡಾಗಬೇಕಾದರೆ ನೂರಕ್ಕೆ 95 ಮಕ್ಕಳಿಗೆ ರಕ್ಷಣೆ ಇರಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಬಿಟ್ಟರೆ ಅಂಚಿನಲ್ಲಿ ನಡೆಯುತ್ತದೆ, ನಾಲ್ವರು ಬಿಟ್ಟರೆ ನಡೆಯುವುದಿಲ್ಲ. ಆ ಬೆಲೆ ತೆರುವುದು, ಒಂಬತ್ತು ತಿಂಗಳು ತುಂಬದೆ ಇನ್ನೂ ಲಸಿಕೆಯೇ ಹಾಕಿಸಲಾಗದ ತಮ್ಮನೋ ತಂಗಿಯೋ.

2025ರ ಜೂನ್, ಜುಲೈ ನೆನಪಿರಬಹುದು. ಹಾಸನದ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬಂದು, ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ಹಬ್ಬಿತು. ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ, ಎದೆನೋವಿಲ್ಲದಿದ್ದರೂ ‘ಒಮ್ಮೆ ನೋಡಿಸಿಬಿಡೋಣ’ ಎಂದು ಬಂದವರ ಸಾಲು ಬೆಳೆಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನದಂಥ ಹಳೆಯ ಕಾರಣಗಳತ್ತಲೇ ಬೊಟ್ಟು ಮಾಡಿತು. ಅಂಥ ಸಾಲಿನಲ್ಲಿ ನಿಜವಾಗಿ ಎದೆ ಹಿಡಿದುಕೊಂಡು ಬಂದವರ ಸರದಿ ಹಿಂದೆ ಹೋಗುತ್ತದೆ.

ಫೋನಿನೊಳಗೆ ಕಾಣುವ ಸುಳಿವು

ವಾಟ್ಸ್‌ಆ್ಯಪ್ ಸಂದೇಶವನ್ನು ಕಳಿಸಿದವರು, ಪಡೆದವರು ಬಿಟ್ಟು ನಡುವಿನ ಕಂಪನಿಯೂ ಓದಲಾಗದು. ಖಾಸಗಿತನಕ್ಕೆ ಒಳ್ಳೆಯದು, ಆದರೆ ಸುಳ್ಳನ್ನು ಮಧ್ಯದಲ್ಲಿ ಹಿಡಿಯುವವರು ಯಾರೂ ಇರುವುದಿಲ್ಲ. ಇರುವುದು ವೇಗ ತಗ್ಗಿಸುವ ಹಂಪು ಮಾತ್ರ. ಮಕ್ಕಳ ಕಳ್ಳರ ವದಂತಿಯಿಂದ ಕೊಲೆಗಳಾದ ಮೇಲೆ, 2018ರಲ್ಲಿ, ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿ ಬಂತು. ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಜೋಡಿ ಬಾಣ ಕಂಡರೆ, ಕಳಿಸಿದ ಚಿಕ್ಕಮ್ಮ ಇದನ್ನು ಬರೆದವರಲ್ಲ, ಅವರಿಗೆ ಕಳಿಸಿದವರೂ ಅಲ್ಲ ಎಂದು ತಿಳಿಯಬೇಕು. ಕಾಪಿ ಮಾಡಿ ಅಂಟಿಸಿದರೆ ಆ ಗುರುತು ಅಳಿಸಿಹೋಗುತ್ತದೆ ಎಂಬುದನ್ನೂ ಮರೆಯಬಾರದು.

ಸಂದೇಶದ ಒಳಗೆ ನೋಡುವುದಾದರೆ, ಒಂದೇ ಒಂದು ಪ್ರಶ್ನೆ ಬಹಳಷ್ಟನ್ನು ಜರಡಿ ಹಿಡಿಯುತ್ತದೆ: ಇದನ್ನು ಯಾರು ತೆಗೆದುಕೊಳ್ಳಬಾರದು ಎಂದು ಬರೆದಿದೆಯೇ? ನಿಜವಾದ ಔಷಧದ ಚೀಟಿಯಲ್ಲಿ ಗರ್ಭಿಣಿಯರು, ಮಕ್ಕಳು, ಕಿಡ್ನಿ ತೊಂದರೆಯವರು ಎಂದು ಎಚ್ಚರಿಕೆ ಇರುತ್ತದೆ. ಎಲ್ಲರಿಗೂ ಆಗುತ್ತದೆ, ಎಲ್ಲದಕ್ಕೂ ಆಗುತ್ತದೆ, ಅಡ್ಡಪರಿಣಾಮವೇ ಇಲ್ಲ ಎಂದರೆ ಅದು ಜಾಹೀರಾತು. ಇತ್ತೀಚೆಗೆ ಹೆಸರಾಂತ ವೈದ್ಯರ ಮುಖ, ದನಿಯನ್ನೇ ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡಿ ಸಕ್ಕರೆ ಕಾಯಿಲೆಯ ಔಷಧ ಮಾರುವ ವಿಡಿಯೊಗಳೂ ಬಂದಿವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ರೋಗಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಗೊತ್ತಿದ್ದರೆ, ತುಟಿಚಲನೆ ಹೊಂದುತ್ತದೆಯೇ ಎಂದು ದಿಟ್ಟಿಸಿ ನೋಡುವ ಕಷ್ಟವೂ ತಪ್ಪುತ್ತದೆ.

ಜ್ವರ ಬಂದ ಮನೆಯಲ್ಲಿ

ಮಳೆಗಾಲದಲ್ಲಿ ಎರಡು ದಿನ ಬಿಡದ ಜ್ವರ ಬಂದರೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಮೊದಲ ಐದು ದಿನದಲ್ಲಿ ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್1 ಪರೀಕ್ಷೆ, ಆಮೇಲೆ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಇಲ್ಲ ಎನ್ನಲಾಗದು; ಲ್ಯಾಬಿನಲ್ಲಿ ಮಾಡುವ ಎಲೈಸಾ ವಿಧಾನ ಹೆಚ್ಚು ಭರವಸೆಯದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಆರು ಗಂಟೆ ಅಂತರದಲ್ಲಿ. ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಿದಷ್ಟು. ಮೈಕೈ ನೋವು ತಡೆಯಲಾಗದೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ಅಂದೇ ವೈದ್ಯರನ್ನು ಕೇಳಬೇಕು.

ದ್ರವ ಧಾರಾಳವಾಗಿ ಬೇಕು: ಗಂಜಿ, ಮಜ್ಜಿಗೆ, ಎಳನೀರು, ಒಆರ್‌ಎಸ್. ಇಲ್ಲಿ ನಡೆಯುವ ತಪ್ಪು ಅಳತೆಯದು. 20.5 ಗ್ರಾಂ ಪೊಟ್ಟಣ ಒಂದು ಲೀಟರ್ ನೀರಿಗೆ. ಅದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟು ಆಗುತ್ತದೆ. 200 ಮಿಲಿಲೀಟರಿಗೆ ಬೇರೆ ಸಣ್ಣ ಪೊಟ್ಟಣವಿದೆ. ಕಲಸಿದ್ದನ್ನು 24 ಗಂಟೆ ಮೀರಿ ಇಡಬಾರದು. ಒಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳು ಬೇರೆ, ಅವುಗಳಲ್ಲಿ ಸಕ್ಕರೆ ಬಹಳ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸುವುದನ್ನೇ ನಿಷೇಧಿಸಿತು. ಸಾಕಷ್ಟು ಕುಡಿಯುತ್ತಿದ್ದಾರೆಯೇ ಎಂದು ತಿಳಿಯಲು ಯಾವ ಲ್ಯಾಬೂ ಬೇಡ: ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ಹೋಗುತ್ತಿರಬೇಕು.

ತೀವ್ರವಾದ ಹೊಟ್ಟೆನೋವು, ದಿನದಲ್ಲಿ ಮೂರು ಅಥವಾ ಹೆಚ್ಚು ಸಲ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ಉಸಿರಾಟದ ಕಷ್ಟ, ತಣ್ಣನೆಯ ಕೈಕಾಲು, ಎದ್ದರೆ ತಲೆಸುತ್ತು, ವಿಪರೀತ ಮಂಕು ಅಥವಾ ಚಡಪಡಿಕೆ: ಇದರಲ್ಲಿ ಒಂದು ಕಂಡರೂ, ಪ್ಲೇಟ್‌ಲೆಟ್ 1 ಲಕ್ಷ ಇದ್ದರೂ, ಆಸ್ಪತ್ರೆಗೆ ಹೊರಡಬೇಕು. ರಾತ್ರಿ ಗೊಂದಲವಾದರೆ 104ಕ್ಕೆ ಕರೆ ಮಾಡಿ ಕೇಳಬಹುದು, ಆಂಬುಲೆನ್ಸ್‌ಗೆ 108. ಮೊದಲೊಮ್ಮೆ ಡೆಂಗಿ ಬಂದು ಹೋಗಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ. ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಎರಡನೇ ಸಲ ಬೇರೆ ಬಗೆ ತಗುಲಿದಾಗ ಕಾಯಿಲೆ ಜೋರಾಗುವ ಸಂಭವ ಹೆಚ್ಚು.

ಗ್ರೂಪಿನಲ್ಲಿ ಏನು ಬರೆಯುವುದು

ಕಳಿಸಿದವರು ಹಿರಿಯರಾದರೆ ಎಲ್ಲರೆದುರು ‘ಇದು ಸುಳ್ಳು’ ಎಂದರೆ ಮಾತು ಅಲ್ಲಿಗೇ ಮುರಿಯುತ್ತದೆ. ಅವರಿಗೇ ಬೇರೆಯಾಗಿ ಫೋನ್ ಮಾಡಿ, ‘ದೊಡ್ಡಪ್ಪ, ನೀವು ಕಾಳಜಿಯಿಂದಲೇ ಕಳಿಸಿದ್ದೀರಿ, ಆದರೆ ಜ್ವರ ಬಿಟ್ಟ ಮೇಲಿನ ಎರಡು ದಿನ ನೋಡ್ಕೋಬೇಕು ಅನ್ನೋದು ಇದರಲ್ಲಿ ಇಲ್ಲ, ಅದನ್ನೂ ನೀವೇ ಹಾಕ್ತೀರಾ?’ ಎಂದು ಕೇಳಿದರೆ ಗ್ರೂಪಿಗೆ ಸರಿಯಾದ ಸಂದೇಶ ಅವರ ಕೈಯಿಂದಲೇ ಹೋಗುತ್ತದೆ. ಬರೆಯುವಾಗ ಮೊದಲ ಸಾಲಿನಲ್ಲಿ ನಿಜ ಇರಲಿ. ಸುಳ್ಳನ್ನು ದೊಡ್ಡದಾಗಿ ಮೇಲೆ ಬರೆದು ಕೆಳಗೆ ‘ಇದು ತಪ್ಪು’ ಎಂದರೆ, ಸ್ಕ್ರೀನ್‌ಶಾಟ್‌ನಲ್ಲಿ ಉಳಿಯುವುದು ಮೇಲಿನ ಸಾಲೇ.

ತಾವೇ ತಪ್ಪಾಗಿ ಕಳಿಸಿದ್ದರೆ ‘ಎಲ್ಲರಿಗೂ ಅಳಿಸು’ ಎಂಬ ಆಯ್ಕೆ ಎರಡು ದಿನಕ್ಕಿಂತ ತುಸು ಹೆಚ್ಚು ಹೊತ್ತು ಇರುತ್ತದೆ. ಅದು ಅಳಿಸುವುದು ಆ ಒಂದು ಗ್ರೂಪಿನಲ್ಲಿರುವ ಪ್ರತಿಯನ್ನು ಮಾತ್ರ. ಅಷ್ಟರಲ್ಲಿ ಯಾರಾದರೂ ತಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ದಾಟಿಸಿದ್ದರೆ ಅದು ಅಲ್ಲೇ ಇರುತ್ತದೆ. ಹಾಗಾಗಿ ಅಳಿಸಿದ ಮೇಲೆ ‘ಆಗ ಹಾಕಿದ್ದು ತಪ್ಪು, ಯಾರಾದರೂ ಮುಂದೆ ಕಳಿಸಿದ್ದರೆ ಅಲ್ಲಿಯೂ ಇದನ್ನು ಹಾಕಿ’ ಎಂದು ಒಂದು ಸಾಲು ಬರೆಯಬೇಕು.